ಒಂದು ಪೆಟ್ಟಿಗೆ ಹಳೆಯ ರೆಕಾರ್ಡುಗಳು: ತೊಳೆಯುವ ಮೊದಲು ಏನು ನೋಡಬೇಕು?

ಎರಡನೇ ಬದಿ

ಈ ವೇದಿಕೆಯ ಎಲ್ಲರಿಗೂ ನಮಸ್ಕಾರ, ಇಲ್ಲಿ ನನ್ನ ಹೆಸರು ‘ಎರಡನೇ ಬದಿ’. ನಮ್ಮ ದೊಡ್ಡಪ್ಪ ಸಂಗ್ರಹಿಸಿದ್ದ ರೆಕಾರ್ಡುಗಳೆಲ್ಲ ಈಗ ನನ್ನ ಪಾಲಿಗೆ ಬಂದಿವೆ. ಮನೆಯಲ್ಲಿ ಬೇರೆ ಯಾರಿಗೂ ಅವು ಬೇಕಿರಲಿಲ್ಲ, ನನಗೆ ಬೇಕಿತ್ತು. ಹೆಚ್ಚಿನವು ಹನ್ನೆರಡು ಇಂಚಿನ ಲಾಂಗ್ ಪ್ಲೇ, ಅಂದರೆ ಎಲ್‌ಪಿಗಳು. ಕೆಲವು ಏಳು ಇಂಚಿನ ಚಿಕ್ಕ ತಟ್ಟೆಗಳು. ಅಡಿಯಲ್ಲಿ ಒಂದಷ್ಟು ದಪ್ಪನೆಯ, ಕೈಗೆ ಭಾರವೆನಿಸುವ ಹತ್ತು ಇಂಚಿನವು ಇವೆ. ಒಂದು ತಟ್ಟೆಯ ಲೇಬಲ್ಲಿನಲ್ಲಿ ಕಂಪನಿಯ ಹೆಸರೇ ಇಲ್ಲ. ಶಾಯಿಯಲ್ಲಿ ಬರೆದದ್ದು ಮಸುಕಾಗಿದೆ, ಮೈಮೇಲೆ ಬಿಳಿಯ ಪೊರೆ ಕಟ್ಟಿದೆ.

ಎಲ್ಲದರ ಮೇಲೂ ಧೂಳು ಕೂತಿದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ ನಲ್ಲಿಯ ಕೆಳಗೆ ಹಿಡಿದರೆ ಸಾಕು ಎಂದು ಪರಿಚಿತರೊಬ್ಬರು ಹೇಳಿದರು. ಸ್ಪಿರಿಟ್ ಹಾಕಿ ಒರೆಸಿ ಎಂದರು ಇನ್ನೊಬ್ಬರು. ಕೈ ಹಾಕುವ ಮೊದಲು ಇಲ್ಲಿ ಕೇಳೋಣ ಎನ್ನಿಸಿತು. ಪೆಟ್ಟಿಗೆಯ ಜೊತೆ ಟರ್ನ್‌ಟೇಬಲ್ ಕೂಡ ಬಂದಿದೆ, ಅದರ ಮುಳ್ಳು ಯಾವ ಕಾಲದ್ದೋ ತಿಳಿಯದು.

ಸುರುಳಿಗೆರೆ

ಕೇಳಿದ್ದು ಬಹಳ ಒಳ್ಳೆಯದಾಯಿತು. ಇಂದು ನೀರು, ಸೋಪು, ಸ್ಪಿರಿಟ್ ಯಾವುದನ್ನೂ ಹತ್ತಿರ ತರಬೇಡಿ. ಹಳೆಯ ರೆಕಾರ್ಡುಗಳು ಹಾಳಾಗುವುದು ಹೆಚ್ಚಾಗಿ ನಿರ್ಲಕ್ಷ್ಯದಿಂದಲ್ಲ, ಅವು ಕೈಗೆ ಸಿಕ್ಕ ಮೊದಲ ವಾರದ ಉತ್ಸಾಹದಿಂದ. ಇಷ್ಟು ವರ್ಷ ಕಾದಿರುವ ಧೂಳು ಇನ್ನೂ ಕೆಲವು ದಿನ ಕಾಯುತ್ತದೆ.

ಮೊದಲ ಕೆಲಸ ವಿಂಗಡಣೆ. ಹಾಡು, ಗಾಯಕರನ್ನು ನೋಡಿಯಲ್ಲ, ತಟ್ಟೆ ಯಾವುದರಿಂದ ಮಾಡಿದ್ದು ಎಂಬುದನ್ನು ನೋಡಿ. ನಿಮ್ಮ ವಿವರಣೆ ಓದಿದರೆ ಪೆಟ್ಟಿಗೆಯಲ್ಲಿ ಕನಿಷ್ಠ ಮೂರು ಬಗೆಯ ವಸ್ತುಗಳಿರುವಂತಿದೆ. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ.

ಎಲ್‌ಪಿಗಳು ವಿನೈಲ್, ಅಂದರೆ ಪಿವಿಸಿ ಕುಲದ ಪ್ಲಾಸ್ಟಿಕ್. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿಯನ್ನು ತಂದಿತು, ಮರುವರ್ಷ ಆರ್‌ಸಿಎ ವಿಕ್ಟರ್ ಏಳು ಇಂಚಿನ 45 ಸುತ್ತಿನದನ್ನು ತಂದಿತು. ಇವು ಸ್ವಲ್ಪ ಬಾಗುತ್ತವೆ, ಬಿದ್ದರೆ ಸಾಮಾನ್ಯವಾಗಿ ಒಡೆಯುವುದಿಲ್ಲ, ನೀರಿಗೆ ಹೆದರುವುದಿಲ್ಲ. ಏಳು ಇಂಚಿನವುಗಳಲ್ಲಿ ಕೆಲವು ಪಾಲಿಸ್ಟೈರೀನ್ ಆಗಿರಬಹುದು. ಅವು ಹೆಚ್ಚು ಗಡುಸು, ಲೇಬಲ್ಲನ್ನು ಒತ್ತಿ ಕೂರಿಸಿರದೆ ಮೇಲೆ ಅಂಟಿಸಿರುತ್ತಾರೆ. ಅಂಥವು ಬೇಗ ಸವೆಯುತ್ತವೆ. ಯಾವ ದ್ರಾವಕವನ್ನೂ ಅವುಗಳಿಗೆ ಸೋಕಿಸಬೇಡಿ.

ಭಾರದ ಹತ್ತು ಇಂಚಿನವು ಬಹುಶಃ 78 ಸುತ್ತಿನ ಶೆಲ್ಯಾಕ್ ತಟ್ಟೆಗಳು. ಶೆಲ್ಯಾಕ್ ಎಂದರೆ ಅರಗು, ಕೀಟಗಳಿಂದ ಸಿಗುವ ಅರಗು. ಅದಕ್ಕೆ ನುಣ್ಣಗೆ ಪುಡಿ ಮಾಡಿದ ಕಲ್ಲು, ಇಂಗಾಲದ ಕಪ್ಪು ಮುಂತಾದವನ್ನು ಬೆರೆಸಿ ಒತ್ತುತ್ತಿದ್ದರು. ಕಲ್ಲಿನ ಪುಡಿ ಸುಮ್ಮನೆ ಸೇರಿದ್ದಲ್ಲ. ಅಂದಿನ ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಸವೆಸಿ, ಧ್ವನಿ ಕೊರೆದಿರುವ ಗೆರೆಯ ಆಕಾರಕ್ಕೆ ತರಲು ಅದು ಬೇಕಿತ್ತು. ಅದಕ್ಕಾಗಿಯೇ ಒಂದೊಂದು ಬದಿಗೂ ಹೊಸ ಮುಳ್ಳು ಹಾಕುವ ರೂಢಿ. ನೆನಪಿಡಬೇಕಾದ್ದು ಇದು: ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮರಕ್ಕೆ ಹೊಳಪು ಕೊಡುವವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಶ್ ಮಾಡುತ್ತಾರೆ. ನಿಮ್ಮ ಪರಿಚಿತರ ಮಾತು ಕೇಳಿ ಈ ತಟ್ಟೆಗಳಿಗೆ ಸ್ಪಿರಿಟ್ ಹಚ್ಚಿದ್ದರೆ ಗೆರೆಯ ಜೊತೆಗೆ ಹಾಡೂ ಬಟ್ಟೆಗೆ ಅಂಟಿ ಬರುತ್ತಿತ್ತು.

ಕೊನೆಯದು, ಆ ಹೆಸರಿಲ್ಲದ ತಟ್ಟೆ. ಅದನ್ನು ಬೇರೆಯಾಗಿ ಎತ್ತಿಡಿ. ಒರೆಸಬೇಡಿ, ತೊಳೆಯಬೇಡಿ, ಕುತೂಹಲಕ್ಕೂ ಮುಳ್ಳು ಇಡಬೇಡಿ. ನಡುವಿನ ತೂತಿನ ಅಂಚನ್ನು ಬೆಳಕಿನಲ್ಲಿ ನೋಡಿ ಹೇಳಿ: ಲೋಹ ಕಾಣುತ್ತದೆಯೇ? ತೂತಿನ ಪಕ್ಕದಲ್ಲಿ ಇನ್ನೂ ಚಿಕ್ಕ ತೂತುಗಳಿವೆಯೇ?

ಎರಡನೇ ಬದಿ

ಅಂಚಿನಲ್ಲಿ ಬೆಳ್ಳಗೆ ಲೋಹ ಕಾಣುತ್ತದೆ. ನಡುತೂತಿನ ಸುತ್ತ ಇನ್ನೂ ಮೂರು ಚಿಕ್ಕ ತೂತುಗಳಿವೆ, ಲೇಬಲ್ ಅವನ್ನು ಅರ್ಧ ಮುಚ್ಚಿದೆ. ಬಿಳಿಯ ಪೊರೆ ನೋಡಲು ಜಿಡ್ಡಿನಂತಿದೆ. ಅಂಚಿನ ಒಂದು ಕಡೆ ಕೂದಲೆಳೆಯಂಥ ಬಿರುಕು ಇದೆ.

ಸುರುಳಿಗೆರೆ

ಹಾಗಿದ್ದರೆ ಅದು ಲ್ಯಾಕರ್ ತಟ್ಟೆ. ಇಡೀ ಪೆಟ್ಟಿಗೆಯಲ್ಲಿ ಬೆಲೆ ಕಟ್ಟಲಾಗದ್ದು ಅದೇ ಇರಬಹುದು.

ಕಾರ್ಖಾನೆಯಲ್ಲಿ ಒತ್ತಿದ ತಟ್ಟೆಗೆ ಸಾವಿರಾರು ಒಡಹುಟ್ಟಿದವು ಇರುತ್ತವೆ. ಲ್ಯಾಕರ್ ಹಾಗಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸಿ, ಧ್ವನಿ ಕೇಳಿಬರುತ್ತಿರುವಾಗಲೇ ಅದರ ಮೇಲೆ ಗೆರೆ ಕೊರೆಯುತ್ತಿದ್ದರು. 1930ರ ದಶಕದ ನಡುವಿನಿಂದ ಟೇಪ್ ಎಲ್ಲೆಡೆ ಹರಡುವವರೆಗೆ ರೇಡಿಯೋ ಕೇಂದ್ರಗಳಲ್ಲಿ, ಸ್ಟುಡಿಯೋಗಳಲ್ಲಿ, ಕೆಲವು ಮನೆಗಳಲ್ಲೂ ಇದೇ ಬಳಕೆಯಲ್ಲಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೂ ಲೇಪಿಸಿದರು. ಅಂಥವು ಕೈಜಾರಿದರೆ ಮುಗಿಯಿತು. ನಿಮ್ಮ ತಟ್ಟೆಯಲ್ಲಿ ಯಾರ ಧ್ವನಿ ಇದೆಯೋ, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಲೇಪನ ಮೆತ್ತಗಿರಲೆಂದು ಅದಕ್ಕೆ ಹರಳೆಣ್ಣೆ ಸೇರಿಸುತ್ತಿದ್ದರು. ವರ್ಷಗಳು ಕಳೆದಂತೆ ಅದು ಕೆಟ್ಟು ಪಾಲ್ಮಿಟಿಕ್ ಆಮ್ಲದಂಥ ಕೊಬ್ಬಿನಾಮ್ಲಗಳಾಗಿ ಹೊರಬರುತ್ತದೆ. ನೀವು ನೋಡಿದ ಬಿಳಿಯ ಜಿಡ್ಡು ಅದೇ. ಹಾಗೆ ಮೃದುತ್ವ ಕಳೆದುಕೊಂಡ ಲೇಪನ ಕುಗ್ಗುತ್ತದೆ. ಅಡಿಯ ಲೋಹ ಕುಗ್ಗುವುದಿಲ್ಲ. ಆದ್ದರಿಂದ ಬಿರುಕು, ಆಮೇಲೆ ಹೊಪ್ಪಳೆ ಏಳುವುದು. ಬಿರುಕು ಶುರುವಾಗಿದೆ ಎಂದಿರಿ, ಅಂದರೆ ಸಮಯ ಹೆಚ್ಚಿಲ್ಲ. ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್‌ಗೆ ತರುವ ಅನುಭವಿಗಳ ಕೈಗೆ ಕೊಡಿ. ಕೊಡುವಾಗ ‘ಇದು ಲ್ಯಾಕರ್’ ಎಂದು ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಯಿರಿ. ಕನಿಷ್ಠ 24 ಬಿಟ್, ಸಾಧ್ಯವಾದರೆ 96 ಕಿಲೋಹರ್ಟ್ಸ್‌ನಲ್ಲಿ ಪ್ರತಿ ಮಾಡಲಿ. ಸದ್ದು ತೆಗೆದು ‘ಶುದ್ಧಗೊಳಿಸಿದ’ ಪ್ರತಿಯ ಜೊತೆಗೆ ಏನೂ ಮುಟ್ಟದ ಮೂಲ ಪ್ರತಿಯನ್ನೂ ಕೇಳಿ ಪಡೆಯಿರಿ. ಇಂದಿನ ಸಾಧನಗಳು ಅಳಿಸಿದ್ದನ್ನು ನಾಳಿನವು ಮರಳಿ ತರಲಾರವು.

ಕೇಳುಗ

ಶೆಲ್ಯಾಕ್, ಲ್ಯಾಕರ್ ಬಗ್ಗೆ ಪೂರ್ಣ ಒಪ್ಪಿಗೆ. ಎಲ್‌ಪಿಗಳ ಬಗ್ಗೆ ಮಾತ್ರ ಒಂದು ಮಾತು. ಐಸೊಪ್ರೊಪೈಲ್ ಆಲ್ಕೋಹಾಲ್ ಪಿವಿಸಿಯನ್ನು ಕರಗಿಸುವುದಿಲ್ಲ. ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಬೆರೆಸಿದರೆ ಬೆರಳಚ್ಚಿನ ಜಿಡ್ಡು ಬಿಡುತ್ತದೆ, ಬೇಗ ಆರುತ್ತದೆ. ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇನೆ, ನನ್ನ ತಟ್ಟೆಗಳು ಚೆನ್ನಾಗಿಯೇ ಇವೆ. ಆಲ್ಕೋಹಾಲ್ ಎಂದೊಡನೆ ಎಲ್ಲರೂ ಬೆಚ್ಚಿಬೀಳುವುದು ಏಕೆ?

ಸುರುಳಿಗೆರೆ

ಕೇಳುಗರೇ, ವಿನೈಲ್ ಕರಗುವುದಿಲ್ಲ ಎಂಬುದು ಸತ್ಯ. ನನ್ನ ತಕರಾರು ಬೇರೆ. ಈ ಪೆಟ್ಟಿಗೆಯಲ್ಲಿ ಬೇರೆ ಬೇರೆ ಬಗೆಯ ತಟ್ಟೆಗಳು ಬೆರೆತಿವೆ, ತೊಳೆಯಲಿರುವವರು ಹೊಸಬರು. 78 ಸುತ್ತಿನದೆಲ್ಲ ಶೆಲ್ಯಾಕ್ ಅಲ್ಲ, ಯುದ್ಧಕಾಲದಲ್ಲಿ ಸೈನಿಕರಿಗೆಂದು ಅಮೆರಿಕ ಕಳುಹಿಸಿದ ವಿ-ಡಿಸ್ಕ್‌ಗಳಲ್ಲಿ ಹೆಚ್ಚಿನವು ವಿನೈಲಿನವೇ. ಕಣ್ಣಿನ ಅಂದಾಜು ತಪ್ಪಬಹುದಾದ ಕಡೆ, ತಪ್ಪಿದರೂ ಹಾನಿಯಾಗದ ದ್ರಾವಣವೇ ಬಾಟಲಿಯಲ್ಲಿರಲಿ ಎಂಬುದು ನನ್ನ ಅಭಿಪ್ರಾಯ. ಅಯಾನುರಹಿತ ಮಾರ್ಜಕದ (ನಾನ್-ಅಯಾನಿಕ್ ಡಿಟರ್ಜೆಂಟ್) ಕೆಲವೇ ಹನಿ ಬೆರೆಸಿದ ಬಟ್ಟಿ ನೀರು ಜಿಡ್ಡನ್ನೂ ತೆಗೆಯುತ್ತದೆ. ಆಲ್ಕೋಹಾಲಿನಿಂದ ಸಿಗುವ ಹೆಚ್ಚಿನ ಲಾಭ ಬೇಗ ಆರುವುದೊಂದೇ. ನಮಗೆ ಅವಸರವಿಲ್ಲ.

ಕೇಳುಗ

ಬೆರಕೆ ಪೆಟ್ಟಿಗೆ ಎಂಬ ಕಾರಣ ಒಪ್ಪುವಂಥದ್ದು. ನನ್ನ ಎಲ್‌ಪಿಗಳಿಗೆ ನನ್ನ ವಿಧಾನವೇ ಮುಂದುವರಿಯಲಿದೆ.

ಎರಡನೇ ಬದಿ

ಲ್ಯಾಕರ್ ತಟ್ಟೆಯನ್ನು ಕಾಗದದ ಚೀಲದಲ್ಲಿ ಬೇರೆ ಇಟ್ಟಿದ್ದೇನೆ, ಡಿಜಿಟಲ್ ಪ್ರತಿ ಮಾಡುವವರ ಜೊತೆ ಮಾತನಾಡಿಯೂ ಆಯಿತು. ಎಲ್‌ಪಿಗಳನ್ನು ತೊಳೆಯುವ ಕ್ರಮವನ್ನು ದಯವಿಟ್ಟು ಮೊದಲಿನಿಂದ ಹೇಳಿ. ನಲ್ಲಿ ನೀರು ಯಾಕೆ ಬೇಡ? ಪಾತ್ರೆ ಸೋಪು ಯಾಕೆ ಬೇಡ?

ಸುರುಳಿಗೆರೆ

ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಮೊದಲಾದ ಲವಣಗಳಿರುತ್ತವೆ. ನೀರು ಆರುತ್ತದೆ, ಲವಣ ಗೆರೆಯ ತಳದಲ್ಲಿ ಉಳಿಯುತ್ತದೆ. ಸ್ಟೀರಿಯೋ ಗೆರೆಯ ಅಗಲ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಅಲ್ಲಿ ಲವಣದ ಹರಳು ಕೂತರೆ ಮುಳ್ಳಿಗೆ ಅದು ಬಂಡೆಯೇ. ಪಾತ್ರೆ ಸೋಪಿನಲ್ಲಿ ಸುವಾಸನೆ, ಬಣ್ಣ, ಕೈಗೆ ಮೃದುವಾಗಿರಲೆಂದು ಸೇರಿಸಿದ ಏನೇನೋ ಇರುತ್ತವೆ. ಅವೂ ಒಳಗೇ ಉಳಿಯುತ್ತವೆ.

ಮೊದಲು ಒಣ ಧೂಳು. ಕಾರ್ಬನ್ ಫೈಬರ್ ಬ್ರಷ್ಷನ್ನು ತಿರುಗುವ ತಟ್ಟೆಯ ಮೇಲೆ ಹಗುರವಾಗಿ ಹಿಡಿದು, ಎರಡು ಮೂರು ಸುತ್ತಾದ ಮೇಲೆ ಮೆಲ್ಲಗೆ ಹೊರಕ್ಕೆ ಜಾರಿಸಿ. ಮರಳಿನಂಥ ಕಣಗಳನ್ನು ಹೀಗೆ ತೆಗೆಯದೆ ನೀರು ಹಾಕಿದರೆ ನೀವೇ ಅವುಗಳಿಂದ ತಟ್ಟೆಯನ್ನು ಉಜ್ಜಿದಂತಾಗುತ್ತದೆ. ಆಮೇಲೆ ಲೇಬಲ್ ನೆನೆಯದಂತೆ ನೋಡಿಕೊಂಡು ದ್ರಾವಣ ಸವರಿ, ಮೃದು ಕೂದಲಿನ ಬ್ರಷ್ಷಿನಿಂದ ಗೆರೆಯ ಗುಂಟವೇ, ಅಂದರೆ ಸುತ್ತಾಗಿ, ತಿಕ್ಕಿ. ಅಡ್ಡಡ್ಡ ಎಂದೂ ತಿಕ್ಕಬೇಡಿ. ಒಂದೆರಡು ನಿಮಿಷ ನೆನೆಯಲಿ.

ಈಗ ಹೆಚ್ಚಿನವರು ಬಿಟ್ಟುಬಿಡುವ ಹಂತ: ಬರಿಯ ಬಟ್ಟಿ ನೀರಿನಲ್ಲಿ ಮತ್ತೊಮ್ಮೆ ತೊಳೆಯುವುದು. ಕೊಳೆಯನ್ನು ಸಡಿಲಿಸಿದ್ದು ಮಾರ್ಜಕ, ಅದನ್ನು ಹೊರಗೆ ಸಾಗಿಸುವುದು ನೀರು. ಇದನ್ನು ಬಿಟ್ಟರೆ ಸಡಿಲಗೊಂಡ ಕೊಳೆಯೂ ಮಾರ್ಜಕವೂ ಸೇರಿ ಅಲ್ಲೇ ಒಣಗುತ್ತವೆ, ‘ತೊಳೆದ ಮೇಲೆ ಸದ್ದು ಹೆಚ್ಚಾಯಿತು’ ಎಂಬ ದೂರು ಹುಟ್ಟುತ್ತದೆ. ಆ ದೂರು ಹೊತ್ತು ಬಂದವರಿಗೆಲ್ಲ ನಾನು ಮೊದಲು ಹೇಳುವುದು, ಇನ್ನೊಮ್ಮೆ ಬರಿ ನೀರಿನಲ್ಲಿ ತೊಳೆಯಿರಿ ಎಂದು. ಹಲವು ಬಾರಿ ಅಷ್ಟರಲ್ಲೇ ಸರಿಹೋಗುತ್ತದೆ.

ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಸಿ, ತಟ್ಟೆಯನ್ನು ನಿಲ್ಲಿಸಿ ಪೂರ್ತಿ ಆರಿದ ಮೇಲೆ ಹೊಸ ಒಳಚೀಲಕ್ಕೆ ಹಾಕಿ. ಹಳೆಯ ಚೀಲಕ್ಕೇ ಹಾಕಿದರೆ ಹಳೆಯ ಧೂಳು ಮರಳಿ ಬರುತ್ತದೆ. ನೀರನ್ನು ಹೀರಿಕೊಳ್ಳುವ ವ್ಯಾಕ್ಯೂಮ್ ಯಂತ್ರವಿದ್ದರೆ ಇನ್ನೂ ಒಳ್ಳೆಯದು, ಕೊಳೆ ನೀರು ಗೆರೆಯಲ್ಲಿ ಒಣಗಲು ಅವಕಾಶವೇ ಇರುವುದಿಲ್ಲ.

ಶೆಲ್ಯಾಕ್ ತಟ್ಟೆಗಳಿಗೂ ಇದೇ ದ್ರಾವಣ ನಡೆಯುತ್ತದೆ, ಆದರೆ ನೆನೆಸಬೇಡಿ. ಒದ್ದೆ ಮಾಡಿ, ತೊಳೆದು, ಕೂಡಲೇ ಒಣಗಿಸಿ. ಬಿರುಕು ಇದ್ದರೆ ನೀರು ಒಳಗೆ ಸೇರುತ್ತದೆ, ಅಂಥದ್ದಕ್ಕೆ ಒಣ ಬ್ರಷ್ ಮಾತ್ರ.

ವಜ್ರಮುಳ್ಳು

ಎಲ್ಲರೂ ತಟ್ಟೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ಮುಳ್ಳು ಯಾವ ಕಾಲದ್ದೋ ತಿಳಿಯದು ಎಂದು ಪ್ರಶ್ನೆಯ ಕೊನೆಯಲ್ಲಿರುವ ವಾಕ್ಯ ನನ್ನನ್ನು ಚಿಂತೆಗೀಡುಮಾಡಿದೆ. ಸವೆದ ಮುಳ್ಳಿನಲ್ಲಿ ಶುಚಿಯಾದ ರೆಕಾರ್ಡು ಕೇಳುವುದಕ್ಕಿಂತ, ಕೊಳೆಯಾದ ರೆಕಾರ್ಡನ್ನು ಮುಟ್ಟದೆ ಇಡುವುದೇ ವಾಸಿ. ಕೊಳೆಯನ್ನು ತೊಳೆಯಬಹುದು. ಸವೆದ ವಜ್ರ ಕೆತ್ತಿ ತೆಗೆದದ್ದನ್ನು ಯಾರೂ ಮರಳಿ ಹಾಕಲಾರರು.

ವಜ್ರ ಸವೆಯುವುದೇ ಎಂದು ಕೇಳುವವರಿದ್ದಾರೆ. ಸವೆಯುತ್ತದೆ. ಅದರ ತುದಿ ಗೆರೆಯ ಎರಡು ಗೋಡೆಗಳನ್ನು ಮುಟ್ಟುವ ಜಾಗ ಎಷ್ಟು ಚಿಕ್ಕದೆಂದರೆ, ಎರಡು ಗ್ರಾಂ ಭಾರವೂ ಅಲ್ಲಿ ಅಪಾರ ಒತ್ತಡವಾಗುತ್ತದೆ. ಸವೆದಾಗ ದುಂಡಗಿದ್ದ ತುದಿಯ ಎರಡು ಕಡೆ ಚಪ್ಪಟೆಯಾಗಿ, ಅಂಚುಗಳು ಉಳಿಯ ಬಾಯಿಯಂತೆ ಹರಿತಗೊಳ್ಳುತ್ತವೆ. ತಯಾರಕರು ಸಾಮಾನ್ಯ ಮುಳ್ಳುಗಳಿಗೆ ಹೇಳುವ ಆಯುಷ್ಯ ಕೆಲವು ನೂರು ಗಂಟೆಗಳಿಂದ ಸಾವಿರ ಗಂಟೆಯವರೆಗೆ, ತುದಿಯ ಆಕಾರದ ಮೇಲೆ ಅವಲಂಬಿತ. ಒಂದು ಬದಿ 20 ನಿಮಿಷವೆಂದು ಹಿಡಿದರೆ 500 ಗಂಟೆ ಎಂದರೆ 1,500 ಬದಿಗಳು. ದಿನಕ್ಕೆ ಎರಡು ಎಲ್‌ಪಿ ಪೂರ್ತಿ ಕೇಳುವವರಿಗೆ ಒಂದು ವರ್ಷಕ್ಕೇ ಅಷ್ಟು ಮುಗಿಯುತ್ತದೆ. ಎಷ್ಟು ಓಡಿದೆ ಎಂದು ತಿಳಿಯದ ಮುಳ್ಳನ್ನು ಸವೆದದ್ದೆಂದೇ ತಿಳಿದು ಬದಲಿಸಿ. ಕಾರ್ಟ್ರಿಜ್, ಅಂದರೆ ಮುಳ್ಳನ್ನು ಹಿಡಿದಿರುವ ಚಿಕ್ಕ ಗೂಡು, ಚೆನ್ನಾಗಿದ್ದರೆ ಬಹಳಷ್ಟರಲ್ಲಿ ಮುಳ್ಳೊಂದನ್ನೇ ಎಳೆದು ಹೊಸದು ಸಿಕ್ಕಿಸಬಹುದು.

78ರ ತಟ್ಟೆಗಳಿಗೆ ಬೇರೆ ಮುಳ್ಳು ಬೇಕೇ ಬೇಕು. ಅವುಗಳ ಗೆರೆ ಅಗಲ. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ 18 ಮೈಕ್ರಾನ್ ಸುಮಾರಿಗಿದ್ದರೆ 78ರದ್ದು 75ರ ಆಸುಪಾಸು. ಎಲ್‌ಪಿ ಮುಳ್ಳು ಅಲ್ಲಿ ಗೋಡೆಗಳನ್ನು ಹಿಡಿಯದೆ ತಳದ ಕಸದಲ್ಲಿ ಓಡಾಡುತ್ತದೆ, ಕೇಳುವುದು ಬರಿಯ ಕರಕರ ಸದ್ದು. ಇದರ ತಿರುವುಮುರುವು ಇನ್ನೂ ಘೋರ: ಕೀಲಿ ಕೊಟ್ಟು ಓಡಿಸುವ ಹಳೆಯ ಗ್ರಾಮಫೋನಿನ ಮೇಲೆ ಎಲ್‌ಪಿ ಇಟ್ಟರೆ, ಆ ಉಕ್ಕಿನ ಮುಳ್ಳು, ಆ ಭಾರ, ಒಂದೇ ಬಾರಿಗೆ ರೆಕಾರ್ಡಿನ ಕಥೆ ಮುಗಿಸುತ್ತವೆ.

ಮುಳ್ಳಿನ ಮೇಲಿನ ಭಾರದ ವಿಷಯದಲ್ಲಿ ಒಂದು ತಪ್ಪುಕಲ್ಪನೆ ಎಲ್ಲೆಡೆ ಇದೆ, ಹಗುರವಾಗಿಸಿದಷ್ಟೂ ರೆಕಾರ್ಡಿಗೆ ಒಳ್ಳೆಯದೆಂದು. ಅಲ್ಲ. ಭಾರ ತೀರ ಕಡಿಮೆಯಾದರೆ ಜೋರಾದ ಜಾಗಗಳಲ್ಲಿ ಮುಳ್ಳು ಗೆರೆಯ ಗೋಡೆ ಬಿಟ್ಟು ಎದ್ದು ಮತ್ತೆ ಬಡಿಯುತ್ತದೆ. ಒಂದೊಂದು ಬಡಿತವೂ ಒಂದು ಗಾಯ. ತಯಾರಕರು 1.8ರಿಂದ 2.2 ಗ್ರಾಂ ಎಂದಿದ್ದರೆ ಎರಡು ಗ್ರಾಂ ಇಡಿ, ಬೇಕಾದರೆ ಅದಕ್ಕಿಂತ ತುಸು ಮೇಲಿಡಿ, ಕೆಳಗೆ ಮಾತ್ರ ಇಳಿಯಬೇಡಿ. ಅಳೆಯಲು ಚಿಕ್ಕ ಡಿಜಿಟಲ್ ತಕ್ಕಡಿ ಸಿಗುತ್ತದೆ. ಟೋನ್ ಆರ್ಮಿನ, ಅಂದರೆ ಕಾರ್ಟ್ರಿಜ್ ಹೊತ್ತ ಕೋಲಿನ, ಮೇಲೆ ಕೊರೆದಿರುವ ಅಂಕಿಯನ್ನು ನೆಚ್ಚಬೇಡಿ.

ಎರಡನೇ ಬದಿ

ಒಂದು ವಿಷಯ ಕೇಳಲೇ? ದೊಡ್ಡಪ್ಪನ ಬಳಿ ಇದ್ದ ಎಲ್‌ಪಿಗಳಲ್ಲಿ ಮೊದಲ ಹಾಡು ಸ್ವಚ್ಛ, ಕೊನೆಯ ಹಾಡು ಸೀಳಿದಂತೆ ಕೇಳುತ್ತದೆ. ಹಾಡುವವರು ‘ಸ’ ಎಂದಾಗಲೆಲ್ಲ ಉಗುಳಿದಂತೆ. ಹೊಸ ಮುಳ್ಳು ಹಾಕಿದ ಮೇಲೂ ಹಾಗೆಯೇ.

ವಜ್ರಮುಳ್ಳು

ಒಳ್ಳೆಯ ಕಿವಿ ನಿಮ್ಮದು. ತಟ್ಟೆ ಒಂದೇ ವೇಗದಲ್ಲಿ ಸುತ್ತಿದರೂ ಮುಳ್ಳಿನ ಅಡಿಯಲ್ಲಿ ಗೆರೆ ಸಾಗುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾದುಹೋದರೆ ಲೇಬಲ್ಲಿನ ಹತ್ತಿರ ಬರುವ ಹೊತ್ತಿಗೆ ಅದು 21ಕ್ಕೆ ಇಳಿದಿರುತ್ತದೆ. ಅದೇ ‘ಸ’ಕಾರವನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಬರೆಯಬೇಕು. ಅಲೆಗಳು ಒತ್ತೊತ್ತಾಗಿ ಕೂರುತ್ತವೆ, ದುಂಡು ತುದಿಯ ಮುಳ್ಳು ಆ ಸಂದುಗಳಿಗೆ ಇಳಿಯಲಾರದು. ಬದಿಯ ಕೊನೆಗೆ ಮೆಲುದನಿಯ ಹಾಡು ಇಡುವ ಜಾಣ್ಮೆ ಹಲವು ಎಲ್‌ಪಿಗಳಲ್ಲಿ ಕಾಣುವುದು ಇದಕ್ಕೇ.

ಮಾಡಬಹುದಾದ್ದು ಎರಡು. ದೀರ್ಘವೃತ್ತಾಕಾರದ ಅಥವಾ ಅದಕ್ಕಿಂತ ಸೂಕ್ಷ್ಮವಾದ ತುದಿಯ ಮುಳ್ಳಿಗೆ ಹೋಗುವುದು ಒಂದು. ಶಿಬಾಟ ಎಂಬ ತುದಿ ಹುಟ್ಟಿದ್ದು 1970ರ ದಶಕದ ನಾಲ್ಕು ಚಾನೆಲ್ಲಿನ ರೆಕಾರ್ಡುಗಳಿಗಾಗಿ. ಶ್ರವ್ಯ ಮಿತಿಗಿಂತ ಮೇಲಿನ ಕಂಪನಗಳನ್ನೂ ಓದಲು ಮಾಡಿದ ಆ ಆಕಾರ ಒಳಗೆರೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಖರ್ಚಿಗೆ ಮೊದಲು ಜೋಡಣೆ ನೋಡಿ. ಟೋನ್ ಆರ್ಮ್ ಕಮಾನಿನಂತೆ ಚಲಿಸುವುದರಿಂದ ಕಾರ್ಟ್ರಿಜ್ ಗೆರೆಗೆ ನೇರವಾಗಿ ನಿಲ್ಲುವುದು ಎರಡೇ ಬಿಂದುಗಳಲ್ಲಿ. ಬಹಳ ಬಳಕೆಯಲ್ಲಿರುವ ಲೋಫ್‌ಗ್ರೆನ್ ಲೆಕ್ಕದಲ್ಲಿ ಅವು ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ. ಆ ಬಿಂದುಗಳನ್ನು ಗುರುತಿಸಿದ ಕಾಗದದ ಅಳತೆಪಟ್ಟಿ ಇಟ್ಟು ಕಾರ್ಟ್ರಿಜ್ಜನ್ನು ಕೂರಿಸಿ. ಒಂದು ಸಂಜೆಯ ತಾಳ್ಮೆ ಸಾಕು.

ಇಷ್ಟಾದರೂ ಒಂದು ನಿರ್ದಿಷ್ಟ ರೆಕಾರ್ಡು ಮಾತ್ರ ಸೀಳಿದರೆ, ಹಿಂದಿನ ಯಾವುದೋ ಸವೆದ ಮುಳ್ಳು ಅದನ್ನು ಹಾಗೆ ಮಾಡಿದೆ. ಅದಕ್ಕೆ ಮದ್ದಿಲ್ಲ.

ಕವರ್ ಪ್ರೇಮಿ

ತಟ್ಟೆ ಆಯಿತು, ಮುಳ್ಳು ಆಯಿತು. ಹೊದಿಕೆಗಳನ್ನು ಯಾರೂ ಕೇಳಲಿಲ್ಲ. ನನಗೆ ಅವು ಹಾಡಿನಷ್ಟೇ ಮುಖ್ಯ. ಹಿಂಬದಿಯ ಬರಹ, ವಾದ್ಯಗಾರರ ಹೆಸರುಗಳು, ಛಾಯಾಚಿತ್ರ ತೆಗೆದವರು ಯಾರು ಎಂಬ ಮಾಹಿತಿ ಅಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯದ ಎಷ್ಟೋ ರೆಕಾರ್ಡುಗಳಿವೆ.

ಎರಡನೇ ಬದಿಯವರೇ, ಮೊದಲು ಪಾರದರ್ಶಕ ಹೊರಚೀಲಗಳನ್ನು ಮುಟ್ಟಿ ನೋಡಿ. ದಪ್ಪಗಿದ್ದು, ಮೆತ್ತಗಿದ್ದು, ಹೊಸ ಪ್ಲಾಸ್ಟಿಕ್ ವಾಸನೆ ಬರುತ್ತಿದ್ದರೆ ಅವು ಪಿವಿಸಿ ಚೀಲಗಳು. ಇಂದೇ ತೆಗೆಯಿರಿ. ಅವನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ನಿಧಾನವಾಗಿ ಹೊರಬಂದು ರೆಕಾರ್ಡಿನ ಮೇಲೆ ಮಂಜಿನಂಥ ಕಲೆ ಉಳಿಸುತ್ತದೆ. ರಟ್ಟಿನ ಕವರಿನ ಮೂಲಕವೂ ಅದು ಹಾದು ಹೋಗುತ್ತದೆ. ಆ ಮಂಜು ತೊಳೆದರೆ ಹೋಗುವುದು ಅಪರೂಪ, ಏಕೆಂದರೆ ಅದು ಕೊಳೆಯಲ್ಲ, ಮೇಲ್ಮೈಯೇ ಬದಲಾಗಿರುತ್ತದೆ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಚೀಲಗಳನ್ನು ಬಳಸಿ. ಬರಿಯ ಕಾಗದದ ಒಳಚೀಲ ಪ್ರತಿ ಸಲ ಒಳಗೆ ಹೊರಗೆ ಮಾಡುವಾಗ ಗೀರು ತರುತ್ತದೆ. ಚಿತ್ರವೋ ಹಾಡಿನ ಸಾಹಿತ್ಯವೋ ಅಚ್ಚಾದ ಮೂಲ ಕಾಗದದ ಚೀಲವಿದ್ದರೆ ಎಸೆಯದೆ ಕವರಿನೊಳಗೆ ತಟ್ಟೆಯಿಲ್ಲದೆ ಇಡಿ.

ರೆಕಾರ್ಡುಗಳನ್ನು ಪುಸ್ತಕಗಳಂತೆ ನೇರವಾಗಿ ನಿಲ್ಲಿಸಿ ಇಡಿ. ಒಂದರ ಮೇಲೊಂದು ಮಲಗಿಸಿದರೆ ಅಡಿಯವು ಭಾರಕ್ಕೆ ಬಾಗುತ್ತವೆ, ಕವರಿನ ಮೇಲೆ ಒಳಗಿನ ತಟ್ಟೆಯ ವೃತ್ತ ಮೂಡುತ್ತದೆ. ಓರೆಯಾಗಿ ಒರಗಿಸಿದರೂ ಬಾಗುತ್ತವೆ. ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಒಂದನ್ನು ಎಳೆದರೆ ಪಕ್ಕದ್ದು ಜೊತೆಗೆ ಬರದಷ್ಟು ಜಾಗವಿರಲಿ. ಕಪಾಟಿನ ಬಲ ನೋಡಿಕೊಳ್ಳಿ: ಕವರ್ ಸಮೇತ ನೂರು ಎಲ್‌ಪಿಗಳು 25 ಕಿಲೋ ಸುಮಾರು ತೂಗುತ್ತವೆ.

ಬಿಸಿಲು, ಹೀಟರ್, ಕಾರಿನ ಡಿಕ್ಕಿ ಈ ಮೂರರಿಂದ ದೂರವಿಡಿ. ವಿನೈಲ್ 60 ಡಿಗ್ರಿ ಸೆಲ್ಸಿಯಸ್ ದಾಟುವಾಗ ಮೆತ್ತಗಾಗತೊಡಗುತ್ತದೆ, ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗೆ ಆ ಶಾಖ ಬರುವುದು ಕಷ್ಟವೇನಲ್ಲ. 20 ಡಿಗ್ರಿಯ ಆಸುಪಾಸು, ಗಾಳಿಯ ತೇವ ಶೇಕಡಾ 40ರಿಂದ 50, ಇದು ಗ್ರಂಥಾಲಯಗಳು ಮೆಚ್ಚುವ ಹವೆ. ಮನೆಯಲ್ಲಿ ಅದನ್ನು ಸಾಧಿಸಲಾಗದಿದ್ದರೂ ಏರಿಳಿತ ಕಡಿಮೆ ಇರುವ ಕೋಣೆಯನ್ನು ಆರಿಸಬಹುದು. ಹೊರಗೋಡೆಗೆ ಆನಿಸಬೇಡಿ, ನೆಲದ ಮೇಲೆ ಇಡಬೇಡಿ.

ಎರಡನೇ ಬದಿ

ಕೆಲವು ಕವರುಗಳಲ್ಲಿ ಬೂಷ್ಟು ಇದೆ. ಎಸೆಯಬೇಕೇ?

ಕವರ್ ಪ್ರೇಮಿ

ಬೇಡ. ಮೊದಲು ಉಳಿದವುಗಳಿಂದ ಬೇರೆ ಮಾಡಿ. ಬೂಷ್ಟಿಗೆ ಪ್ಲಾಸ್ಟಿಕ್ಕಿಗಿಂತ ಕಾಗದ, ಅಂಟು, ಬೆರಳಚ್ಚಿನ ಜಿಡ್ಡು ಹೆಚ್ಚು ಇಷ್ಟ. ಒಣ ಗಾಳಿಯಾಡುವ, ನೇರ ಬಿಸಿಲು ಬೀಳದ ಕಡೆ ಕವರುಗಳನ್ನು ಪೂರ್ತಿ ಒಣಗಿಸಿ. ಒದ್ದೆ ಇರುವಾಗ ಒರೆಸಿದರೆ ಕಲೆ ಒಳಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಮನೆಯ ಹೊರಗೆ, ಮುಖಗವಸು ಹಾಕಿಕೊಂಡು, ಮೃದು ಬ್ರಷ್ಷಿನಿಂದ ಕೊಡವಿ. ಒಳಚೀಲಗಳನ್ನು ಮಾತ್ರ ಎಸೆಯಿರಿ. ತಟ್ಟೆಗಳನ್ನು ಸುರುಳಿಗೆರೆಯವರು ಹೇಳಿದಂತೆ ತೊಳೆಯಿರಿ. ಬೂಷ್ಟು ತಟ್ಟಿದವನ್ನು ಕೊನೆಗೆ ತೊಳೆದು ಆ ಬ್ರಷ್ಷನ್ನು ಬೇರೆಯದಕ್ಕೆ ಬಳಸಬೇಡಿ.

ಕೇಳುಗ

ಅಲ್ಟ್ರಾಸೋನಿಕ್ ತೊಟ್ಟಿಯ ಬಗ್ಗೆ ಏನನ್ನುತ್ತೀರಿ? ಮರದ ಅಂಟು ಬಳಿದು, ಒಣಗಿದ ಮೇಲೆ ಸಿಪ್ಪೆಯಂತೆ ಎಳೆಯುವ ವಿಧಾನದ ಬಗ್ಗೆಯೂ ಬಹಳ ಹೇಳುತ್ತಾರೆ.

ಸುರುಳಿಗೆರೆ

ಅಲ್ಟ್ರಾಸೋನಿಕ್ ಬಗ್ಗೆ ನನಗೆ ಗೌರವವಿದೆ. 40 ಕಿಲೋಹರ್ಟ್ಸ್ ಆಸುಪಾಸಿನ ಕಂಪನದಿಂದ ನೀರಿನಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಸಿಡಿಯುತ್ತವೆ, ಬ್ರಷ್ಷಿನ ಕೂದಲು ತಲುಪದ ಜಾಗದ ಕೊಳೆಯನ್ನೂ ಬಿಡಿಸುತ್ತವೆ. ಆದರೆ ಯಂತ್ರ ಓಡುತ್ತಿದ್ದಂತೆ ನೀರು ತಾನಾಗಿ ಬಿಸಿಯಾಗುತ್ತದೆ. 35 ಡಿಗ್ರಿ ದಾಟುವ ಮೊದಲು ನಿಲ್ಲಿಸಿ ತಣಿಸಿ. ವಿನೈಲಿಗೆ ಮಾತ್ರ ಬಳಸಿ. ಶೆಲ್ಯಾಕ್, ಲ್ಯಾಕರ್ ಎರಡನ್ನೂ ಅದರಲ್ಲಿ ಇಳಿಸಬೇಡಿ.

ಅಂಟಿನ ವಿಧಾನವನ್ನು ನಾನು ಯಾರಿಗೂ ಹೇಳುವುದಿಲ್ಲ. ಎಲ್ಲವೂ ಸರಿಹೋದರೆ ಫಲ ಸಿಗುತ್ತದೆ, ಒಪ್ಪುತ್ತೇನೆ. ತೆಳ್ಳಗೆ ಬಳಿದ ಕಡೆ ಹರಿದು ಗೆರೆಯಲ್ಲಿ ಚೂರು ಉಳಿದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ನೀರಿನಲ್ಲಿ ತೊಳೆದದ್ದು ಸರಿಯಾಗದಿದ್ದರೆ ಮತ್ತೊಮ್ಮೆ ತೊಳೆಯಬಹುದು. ಈ ವ್ಯತ್ಯಾಸವೇ ನನಗೆ ನಿರ್ಣಾಯಕ.

ಎರಡನೇ ಬದಿ

ಎಲ್‌ಪಿಗಳ ಮೊದಲ ಕಂತನ್ನು ತೊಳೆದೆ. ಹೆಚ್ಚಿನವು ಬೆರಗಾಗುವಷ್ಟು ನಿಶ್ಶಬ್ದವಾಗಿವೆ. ಕೆಲವು ಇನ್ನೂ ಚಟಪಟ ಎನ್ನುತ್ತಿವೆ. ಮತ್ತೆ ತೊಳೆಯಬೇಕೋ, ಅಥವಾ ಅವು ಅಷ್ಟೇ ಎಂದು ಬಿಡಬೇಕೋ, ಹೇಗೆ ತಿಳಿಯುವುದು?

ವಜ್ರಮುಳ್ಳು

ಗಡಿಯಾರ ಹಿಡಿದು ಕೇಳಿ. 33⅓ ಸುತ್ತಿನ ತಟ್ಟೆ ಒಂದು ಸುತ್ತು ತಿರುಗಲು 1.8 ಸೆಕೆಂಡ್ ಬೇಕು. ಟಕ್ ಎಂಬ ಸದ್ದು ಸರಿಯಾಗಿ 1.8 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಅದು ಹಲವು ಗೆರೆಗಳನ್ನು ದಾಟಿದ ಗೀರು, ತೊಳೆದರೆ ಹೋಗುವುದಿಲ್ಲ. 45ರದ್ದಾದರೆ 1.33 ಸೆಕೆಂಡ್. ಲಯವಿಲ್ಲದೆ ಅಲ್ಲಲ್ಲಿ ಚಟಪಟ ಎಂದರೆ ಕೊಳೆ ಅಥವಾ ಸ್ಥಿರ ವಿದ್ಯುತ್. ಅದೇ ಬದಿಯನ್ನು ಮತ್ತೆ ಹಾಕಿ. ಚಟಪಟ ಬೇರೆ ಜಾಗಗಳಲ್ಲಿ ಕೇಳಿದರೆ ಸ್ಥಿರ ವಿದ್ಯುತ್. ಒಣ ಹವೆಯಲ್ಲಿ ಹೆಚ್ಚು. ಅವೇ ಜಾಗಗಳಲ್ಲಿ ಕೇಳಿದರೆ ಇನ್ನೊಮ್ಮೆ ತೊಳೆಯಿರಿ. ನಿಲ್ಲದೆ ಹುರಿಯುವಂಥ ಸದ್ದು ಸಂಗೀತದ ಜೊತೆಗೇ ಏರಿ ಇಳಿದರೆ ಸವೆತ. ಸದ್ದು ರೆಕಾರ್ಡು ನಿಂತಾಗಲೂ ಗುಂಯ್ ಎನ್ನುತ್ತಿದ್ದರೆ ರೆಕಾರ್ಡಿನ ತಪ್ಪಲ್ಲ, ಟರ್ನ್‌ಟೇಬಲ್ಲಿನ ಅರ್ಥ್ ತಂತಿಯನ್ನು ಆಂಪ್ಲಿಫೈಯರಿಗೆ ಸೇರಿಸಿದ್ದೀರಾ ನೋಡಿ.

ಮೊದಲ ಒತ್ತು

ತಡವಾಗಿ ಬಂದೆ. ಸಂಗ್ರಹದಲ್ಲಿ ಒಂದೇ ಎಲ್‌ಪಿಯ ಎರಡು ಪ್ರತಿಗಳಿದ್ದರೆ ಯಾವುದನ್ನು ಇಟ್ಟುಕೊಳ್ಳಬೇಕೆಂದು ನಿರ್ಧರಿಸುವ ಮೊದಲು ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗವನ್ನು ನೋಡಿ. ಅಲ್ಲಿ ತಟ್ಟೆ ಯಾವ ಅಚ್ಚಿನದೆಂದು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತದೆ, ಕೆಲವೊಮ್ಮೆ ಕೊರೆದವರ ಕೈಬರಹದ ಗುರುತೂ ಇರುತ್ತದೆ. ಲ್ಯಾಕರ್ ಮೇಲೆ ಕೊರೆದು, ಅದಕ್ಕೆ ಬೆಳ್ಳಿ ಲೇಪಿಸಿ, ನಿಕ್ಕಲ್ಲಿನಲ್ಲಿ ಅಚ್ಚು ತೆಗೆದು, ಆ ಅಚ್ಚಿನಿಂದ ‘ತಾಯಿ’ ತಟ್ಟೆ, ತಾಯಿಯಿಂದ ಒತ್ತುವ ಅಚ್ಚುಗಳು, ಇದು ಕ್ರಮ. ಅಂದರೆ ಸುರುಳಿಗೆರೆಯವರು ಹೇಳಿದ ಲ್ಯಾಕರ್ ಹೆಚ್ಚಿನ ಎಲ್‌ಪಿಗಳ ಹಿಂದೆಯೂ ಇದೆ. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಜಗತ್ತಿನ ರೆಕಾರ್ಡು ತಯಾರಕರೆಲ್ಲ ಕಂಗಾಲಾದದ್ದು ಇದಕ್ಕೇ. ಲ್ಯಾಕರ್ ಮಾಡುವ ದೊಡ್ಡ ಕಾರ್ಖಾನೆ ಆಮೇಲೆ ಜಪಾನಿನದೊಂದೇ ಉಳಿಯಿತು.

ಮೊದಲ ಒತ್ತು ಎಂದರೆ ಮೂಲ ಟೇಪ್ ಹೊಸದಾಗಿದ್ದಾಗ ಕೊರೆದದ್ದು. ಅದನ್ನು ಎಂದೂ ಬಿಡಬೇಡಿ.

ಕೇಳುಗ

ಇದಕ್ಕೆ ನನ್ನ ಆಕ್ಷೇಪವಿದೆ. ಸವೆದ ಮೊದಲ ಒತ್ತಿಗಿಂತ ಶ್ರದ್ಧೆಯಿಂದ ಕೊರೆದ ಮರುಮುದ್ರಣ ಸಂಗೀತವನ್ನು ಹೆಚ್ಚು ಕೇಳಿಸುತ್ತದೆ. ಮೊದಲ ಒತ್ತೆಂಬ ಕಾರಣಕ್ಕೆ ಕಪಾಟಿನಿಂದ ಹೊರಗೆ ಬರದ ರೆಕಾರ್ಡುಗಳನ್ನು ನೋಡಿದರೆ ನನಗೆ ನೋವಾಗುತ್ತದೆ. ಸರಿಯಾದ ಮುಳ್ಳು, ಸರಿಯಾದ ಭಾರ ಇದ್ದರೆ ಶುಚಿಯಾದ ವಿನೈಲ್ ನೂರಾರು ಬಾರಿ ಕೇಳಿದರೂ ತಡೆಯುತ್ತದೆ. ಎರಡೂ ಪ್ರತಿಗಳನ್ನು ತೊಳೆದು, ಕೇಳಿ, ಕಿವಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ.

ಮೊದಲ ಒತ್ತು

ಕೇಳುವುದಕ್ಕೆ ಒಂದು, ಕಾಪಾಡುವುದಕ್ಕೆ ಒಂದು ಎಂದು ಎರಡನ್ನೂ ಇಟ್ಟುಕೊಳ್ಳಲು ಜಾಗವಿದ್ದರೆ ನಮ್ಮಿಬ್ಬರ ಮಾತೂ ನಡೆಯುತ್ತದೆ. ಆದರೆ ಮಾರುವಾಗ, ಕೊಳ್ಳುವಾಗ ‘ನಿಯರ್ ಮಿಂಟ್’, ‘ವೆರಿ ಗುಡ್ ಪ್ಲಸ್’ ಎಂದು ರೆಕಾರ್ಡಿನ ಸ್ಥಿತಿ ಸೂಚಿಸುವ ದರ್ಜೆಗಳನ್ನು ಕಣ್ಣಿನಿಂದ ಮಾತ್ರ ಕೊಟ್ಟಿದ್ದಾರೋ, ಕೇಳಿ ಕೊಟ್ಟಿದ್ದಾರೋ ವಿಚಾರಿಸಿ. ಹೊಳೆಯುವ ತಟ್ಟೆ ಸವೆದಿರಬಹುದು, ಗೀರುಗಳಿಂದ ತುಂಬಿದ್ದು ಚೆನ್ನಾಗಿ ನುಡಿಯಬಹುದು.

ಎರಡನೇ ಬದಿ

ಲ್ಯಾಕರಿನ ಪ್ರತಿ ಕೈಸೇರಿತು. ಒಬ್ಬ ಹೆಂಗಸು ಹಾಡುತ್ತಿದ್ದಾರೆ, ನಡುವೆ ನಿಲ್ಲಿಸಿ ಯಾರಿಗೋ ಏನೋ ಹೇಳುತ್ತಾರೆ. ಮನೆಯ ಹಿರಿಯರಿಗೆ ಕೇಳಿಸಬೇಕು. ತಟ್ಟೆಯನ್ನು ಎಸೆಯದೆ ಹಾಗೇ ಇಟ್ಟಿದ್ದೇನೆ.

ಮುಂದಿನ ತಿಂಗಳು ನಾನು ಮನೆ ಬದಲಿಸಬೇಕಿದೆ. ರೆಕಾರ್ಡುಗಳನ್ನು ಸಾಗಿಸುವುದು ಹೇಗೆ?

ಕವರ್ ಪ್ರೇಮಿ

ಚಿಕ್ಕ ಪೆಟ್ಟಿಗೆಗಳಲ್ಲಿ, ಒಂದೊಂದಕ್ಕೆ ಐವತ್ತರ ಒಳಗೆ. ದೊಡ್ಡ ಪೆಟ್ಟಿಗೆಯ ತಳ ಬಿಟ್ಟುಹೋಗುತ್ತದೆ, ಎತ್ತುವವರೂ ಎಸೆದಂತೆ ಇಳಿಸುತ್ತಾರೆ. ನಿಲ್ಲಿಸಿಯೇ ತುಂಬಿ. ಮಿಕ್ಕ ಜಾಗಕ್ಕೆ ರಟ್ಟು ತುರುಕಿ, ಓರೆಯಾಗದಿರಲಿ. ತಟ್ಟೆಗಳನ್ನು ಒಳಚೀಲದ ಸಮೇತ ರಟ್ಟಿನ ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಒಂದೇ ಹೊರಚೀಲದಲ್ಲಿ ಇಡಿ. ಕುಲುಕಾಟದಲ್ಲಿ ತಟ್ಟೆಯ ಅಂಚು ಕವರಿನ ಹೊಲಿಗೆಯನ್ನು ಸೀಳುವುದು ಇದರಿಂದ ತಪ್ಪುತ್ತದೆ. 78ರವನ್ನು ಎಲ್‌ಪಿಗಳ ಜೊತೆ ಬೆರೆಸದೆ ಬೇರೆ ಪೆಟ್ಟಿಗೆಗೆ ಹಾಕಿ, ಪ್ರತಿ ನಾಲ್ಕೈದಕ್ಕೆ ನಡುವೆ ಒಂದು ಗಟ್ಟಿ ರಟ್ಟು ಇರಲಿ.

ವಜ್ರಮುಳ್ಳು

ಟರ್ನ್‌ಟೇಬಲ್ಲಿನ ಟೋನ್ ಆರ್ಮ್ ಕಟ್ಟಿ, ಹಿಂದಿನ ತೂಕದ ಬಿಲ್ಲೆಯನ್ನು ಕಳಚಿ, ಮುಳ್ಳಿನ ಮುಚ್ಚಳ ಹಾಕಿ. ಮೇಲಿನ ಭಾರದ ತಟ್ಟೆ ಕಳಚುವಂತಿದ್ದರೆ ಅದನ್ನೂ ತೆಗೆದು ಬೇರೆ ಸುತ್ತಿ. ಹೊಸ ಮನೆಯಲ್ಲಿ ಮಟ್ಟಗೋಲು ಇಟ್ಟು ಸಮ ಮಾಡಿದ ಮೇಲೆ ಮುಳ್ಳಿನ ಭಾರವನ್ನು ಮತ್ತೆ ಅಳೆಯಿರಿ.

ಎರಡನೇ ಬದಿ

78ರವನ್ನು ನನ್ನ ಜೊತೆ ಕಾರಿನ ಒಳಗೇ, ಸೀಟಿನ ಕೆಳಗೆ ಇಟ್ಟುಕೊಂಡು ಬೆಳಗಿನ ಜಾವ ಹೊರಡುತ್ತೇನೆ. ತಲುಪಿದ ಮೇಲೆ ಎರಡನೆಯ ಕಂತು ತೊಳೆಯುವಾಗ ಮತ್ತೆ ಪ್ರಶ್ನೆಗಳೊಂದಿಗೆ ಬರುತ್ತೇನೆ.